ಹೊಟ್ಯಾಗ ಢೋಲ್

2023ರ ಮಳೆಗಾಲದಲ್ಲಿ ಪುಣೆಯ ಕೋಥ್ರೂಡಿನ ಆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ಹುಡುಗನ ಆಟಿಸಮ್ ಜಾಸ್ತಿ ಆಗಿದೆ. ಶಾಲೆಯವರು ಫೋನಿನಲ್ಲಿ ಹೇಳಿದರು. ಐದು ವರ್ಷದಿಂದ ಅವನಿಗೆ ಕಲಿಸುತ್ತಿದ್ದ ಸ್ಪೆಷಲ್ ಎಜುಕೇಟರ್ ಬೇಸರದಿಂದ ಹೇಳಿದರು. ಎದುರು ಮನೆಯ ಕಾಕು ಗ್ರಿಲ್ಲಿನ ಆಚೆ ನಿಂತು ಹೇಳಿದರು. ಧಾರವಾಡದಿಂದ ಮದುವೆಯಾಗಿ ಬಂದು ಹದಿನಾರು ವರ್ಷ ಪುಣೆಯಲ್ಲಿ ಕಳೆದಿದ್ದ ತಾಯಿಯೂ ಕೊನೆಕೊನೆಗೆ ಅದನ್ನೇ ಹೇಳತೊಡಗಿದರು, ಬೇರೆ ಮಾತು ಸಿಗದೆ.

ಹುಡುಗನಿಗೆ ಆಗ ಹನ್ನೆರಡು. ಮೂರನೇ ವಯಸ್ಸಿನಲ್ಲಿ ಆಟಿಸಮ್ ಎಂದು ಗೊತ್ತಾಗಿತ್ತು. ಏಳನೇ ವಯಸ್ಸಿನಲ್ಲಿ ಎಡಿಎಚ್‌ಡಿ ಎಂಬ ಇನ್ನೊಂದು ಹೆಸರು ಫೈಲಿಗೆ ಸೇರಿತ್ತು. ಮಾತು ಬರುತ್ತದೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ಮನೆಯೊಳಗೆ ಧಾರವಾಡದ ಕನ್ನಡ, ಲಿಫ್ಟಿನಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್. ಮೆಟ್ರೋ ಅಂದರೆ ಪ್ರಾಣ. 2022ರ ಮಾರ್ಚಿನಲ್ಲಿ ವನಾಜ್‌ನಿಂದ ಗರವಾರೆ ಕಾಲೇಜಿನವರೆಗೆ ರೈಲು ಓಡತೊಡಗಿದ ಮೇಲೆ ಪ್ರತಿ ಭಾನುವಾರ ಅಪ್ಪನ ಜೊತೆ ಆ ಐದು ನಿಲ್ದಾಣಗಳ ನಡುವೆ ಹೋಗಿ ಬರುವುದು ಮನೆಯ ನಿಯಮವಾಗಿತ್ತು. ನಿಲ್ದಾಣದ ಘೋಷಣೆಗಳನ್ನು ಮೂರು ಭಾಷೆಯಲ್ಲೂ ಅದೇ ದನಿಯಲ್ಲಿ ಒಪ್ಪಿಸುತ್ತಿದ್ದ. ಕೇಳಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಜೂನಿನಲ್ಲಿ ಏಳನೇ ತರಗತಿ ಶುರುವಾಯಿತು, ಸೆಕ್ಷನ್ ಬದಲಾಯಿತು. ಮೂರನೇ ವಾರಕ್ಕೆ ಹುಡುಗ ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೂತುಬಿಡತೊಡಗಿದ. ಒಂದು ಕಾಲಿಗೆ ಬೂಟು, ಇನ್ನೊಂದು ಕೈಯಲ್ಲಿ. ಎಬ್ಬಿಸಹೋದರೆ ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದ. ರಾತ್ರಿ ಎರಡರವರೆಗೂ ನಿದ್ದೆ ಇಲ್ಲ. ಸಂಜೆಯಿಂದ ಮಲಗುವವರೆಗೆ ಒಂದೇ ಪ್ರಶ್ನೆ: "ನಾಳೆ ಸಾಲಿ ಅದ ಏನು?" ಇದೆ ಎಂದರೂ ಮತ್ತೆ ಕೇಳುತ್ತಿದ್ದ, ಇಲ್ಲ ಎಂದರೂ ಮತ್ತೆ ಕೇಳುತ್ತಿದ್ದ. ಆಗಸ್ಟ್ 1ರಂದು ಮೆಟ್ರೋ ರೂಬಿ ಹಾಲ್‌ವರೆಗೆ ಮುಂದುವರಿಯಿತು. ಒಂದು ವರ್ಷದಿಂದ ಆ ದಿನಕ್ಕೆ ಕಾದಿದ್ದ ಹುಡುಗ. ಅಪ್ಪ ರಜೆ ಹಾಕಿ ಕರೆದರೆ ಗೋಡೆ ಕಡೆ ತಿರುಗಿ ಮಲಗಿ "ಬ್ಯಾಡ" ಅಂದ.

ಆ "ಬ್ಯಾಡ" ಎಲ್ಲಕ್ಕಿಂತ ದೊಡ್ಡ ಸುಳಿವಾಗಿತ್ತು. ಆಟಿಸಮ್ ಹುಟ್ಟಿನಿಂದಲೇ ಬರುವ ಒಂದು ಬೆಳವಣಿಗೆಯ ರೀತಿ. ಜ್ವರದ ಹಾಗೆ ಒಂದು ತಿಂಗಳಲ್ಲಿ ಅದು ಏರುವುದಿಲ್ಲ. ಮಗು ಹೇಗಿತ್ತೋ ಹಾಗಿರದೆ ಕೆಲವೇ ವಾರಗಳಲ್ಲಿ ಬದಲಾದರೆ, ನಿದ್ದೆ ಹೋದರೆ, ಊಟ ಹೋದರೆ, ಅದರಲ್ಲೂ ತನಗೆ ಅತ್ಯಂತ ಪ್ರಿಯವಾದದ್ದೇ ಬೇಡವಾದರೆ, ಆಟಿಸಮ್ಮಿನ ಜೊತೆ ಇನ್ನೇನೋ ಬಂದು ಸೇರಿದೆ ಎಂದೇ ಅರ್ಥ. ಅದು ಹಲ್ಲುನೋವಾಗಿರಬಹುದು, ಮಲಬದ್ಧತೆ ಆಗಿರಬಹುದು, ಕಿವಿ ಸೋಂಕಾಗಿರಬಹುದು. ಆಟಿಸಮ್ ಇರುವ ಮಕ್ಕಳಲ್ಲಿ ಹದಿಹರೆಯದಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಮೂರ್ಛೆರೋಗವೂ ಆಗಿರಬಹುದು. ಅವೆಲ್ಲವನ್ನೂ ಮೊದಲು ನೋಡಲೇಬೇಕು. ಅವು ಇಲ್ಲವಾದರೆ ಮುಂದಿನ ಪ್ರಶ್ನೆ ಮನಸ್ಸಿನದು. ನಮ್ಮಲ್ಲಿ ಆ ಪ್ರಶ್ನೆ ಕೇಳುವವರು ಕಡಿಮೆ. ಆಟಿಸಮ್ ಇದ್ದವನಿಗೆ ಮತ್ತೆ ಬೇರೆ ಮನೋರೋಗ ಯಾಕೆ, ಒಂದು ಸಾಲದೆ ಎಂಬ ಭಾವ ವೈದ್ಯರಲ್ಲೂ ಇದೆ, ಮನೆಯವರಲ್ಲೂ ಇದೆ.

ಲೆಕ್ಕ ಬೇರೆಯೇ ಹೇಳುತ್ತದೆ. 2008ರಲ್ಲಿ ಎಮಿಲಿ ಸೈಮನಾಫ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಆಟಿಸಮ್ ಇರುವ 10ರಿಂದ 14 ವರ್ಷದ 112 ಮಕ್ಕಳ ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ ಸಮುದಾಯದಿಂದ ಆರಿಸಿದ ಮಕ್ಕಳು ಅವರು. 100ಕ್ಕೆ 70 ಮಕ್ಕಳಲ್ಲಿ ಆಟಿಸಮ್ಮಿನ ಜೊತೆ ಕನಿಷ್ಠ ಇನ್ನೊಂದು ಮಾನಸಿಕ ಸಮಸ್ಯೆ ಇತ್ತು. 41 ಮಕ್ಕಳಲ್ಲಿ ಎರಡು ಅಥವಾ ಹೆಚ್ಚು. ಜನರ ನಡುವೆ ಇರಲು ಭಯ, ಎಡಿಎಚ್‌ಡಿ, ಹಟಮಾರಿ ವಿರೋಧದ ನಡವಳಿಕೆ, ಈ ಮೂರೂ ಹೆಚ್ಚುಕಡಿಮೆ 28-29ರ ಆಸುಪಾಸಿನಲ್ಲಿದ್ದವು. ಅಂದರೆ ಆಟಿಸಮ್ ಒಂಟಿಯಾಗಿ ಬರುವುದೇ ಅಪರೂಪ. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ 2013ರವರೆಗೆ ಒಂದೇ ಮಗುವಿಗೆ ಆಟಿಸಮ್ ಮತ್ತು ಎಡಿಎಚ್‌ಡಿ ಎರಡನ್ನೂ ಬರೆಯುವಂತಿರಲಿಲ್ಲ. ಐದನೇ ಆವೃತ್ತಿ ಆ ನಿಷೇಧ ತೆಗೆಯಿತು. ಈ ಹುಡುಗ ಆರೇಳು ವರ್ಷ ಮೊದಲು ಹುಟ್ಟಿ ಅಷ್ಟೇ ಬೇಗ ಪರೀಕ್ಷೆಗೆ ಹೋಗಿದ್ದರೆ ಅವನ ಫೈಲಿನಲ್ಲಿ ಎರಡನೇ ಹೆಸರಿಗೆ ಜಾಗವೇ ಇರುತ್ತಿರಲಿಲ್ಲ.

ಒಂದು ದೊಡ್ಡ ಹೆಸರಿನ ನೆರಳಲ್ಲಿ ಚಿಕ್ಕ ಹೆಸರುಗಳು ಕಾಣದೆ ಹೋಗುವುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಮಾತೇ ಇದೆ, ಕನ್ನಡದಲ್ಲಿ ಹೇಳುವುದಾದರೆ ರೋಗನಿರ್ಣಯದ ಮುಸುಕು. 1982ರಲ್ಲಿ ಸ್ಟೀವನ್ ರೈಸ್ ಮತ್ತು ಸಂಗಡಿಗರು ಬೌದ್ಧಿಕ ಹಿಂದುಳಿಯುವಿಕೆ ಇರುವವರ ಬಗ್ಗೆ ಬರೆಯುತ್ತ ಅದನ್ನು ಗುರುತಿಸಿದರು. ಅದೇ ಲಕ್ಷಣ ಬೇರೆಯವರಲ್ಲಿ ಕಂಡರೆ ಕಾಯಿಲೆ ಅನ್ನುವ ವೈದ್ಯರು, ಇಂಥವರಲ್ಲಿ ಕಂಡಾಗ "ಅವರು ಇರುವುದೇ ಹಾಗೆ" ಎಂದು ಬಿಟ್ಟುಬಿಡುತ್ತಾರೆ. ಕೋಥ್ರೂಡಿನ ಹುಡುಗನ ಶಾಲೆಯ ಡೈರಿಯಲ್ಲಿ ಆ ಎರಡು ತಿಂಗಳಲ್ಲಿ ಹನ್ನೊಂದು ಟಿಪ್ಪಣಿ ಇದ್ದವು. ಒಂದರಲ್ಲಿ, ಹುಡುಗ ತರಗತಿಯಲ್ಲಿ ಪದೇ ಪದೇ ಬೈಗುಳ ಆಡುತ್ತಿದ್ದಾನೆ ಎಂಬ ದೂರು. ಏನು ಬೈದ ಎಂದು ತಾಯಿ ಹೋಗಿ ಕೇಳಿದರೆ ಟೀಚರ್ ಮುಜುಗರದಿಂದ ಹೇಳಿದರಂತೆ: "ಸಾಲಿ, ಸಾಲಿ ಅಂತಾನೆ." ಧಾರವಾಡದ ಸಾಲಿ ಅಲ್ಲಿಯವರ ಕಿವಿಗೆ ಹಿಂದಿಯ ಬೈಗುಳವಾಗಿ ಕೇಳಿಸಿತ್ತು. ಹುಡುಗ ಹೇಳುತ್ತಿದ್ದದ್ದು "ಸಾಲಿ ಬ್ಯಾಡ."

ಇನ್ನೊಂದು ಮಾತನ್ನೂ ಅವನು ಹೇಳುತ್ತಿದ್ದ. ಬೆಳಿಗ್ಗೆ ಆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೂತು, ಎರಡೂ ಅಂಗೈ ಹೊಟ್ಟೆಗೆ ಒತ್ತಿ, "ಹೊಟ್ಯಾಗ ಢೋಲ್." ಪುಣೆಯಲ್ಲಿ ಗಣಪತಿ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಢೋಲ್-ತಾಶಾ ಪಥಕಗಳ ತಾಲೀಮು ಶುರುವಾಗುತ್ತದೆ. ಸಂಜೆಯಾದರೆ ನದಿದಂಡೆಯಿಂದ, ಮೈದಾನಗಳಿಂದ ಕೇಳುವ ಆ ಶಬ್ದ ಎದೆಗೂಡಿನೊಳಗೇ ಬಡಿದಂತೆ ಇರುತ್ತದೆ. ಹುಡುಗನ ಉಪಮೆ ಎಷ್ಟು ಸರಿಯಾಗಿತ್ತೆಂದರೆ, ಹೃದಯ ಜೋರಾಗಿ ಬಡಿದುಕೊಳ್ಳುವುದನ್ನು ಅದಕ್ಕಿಂತ ಚೆನ್ನಾಗಿ ದೊಡ್ಡವರೂ ಹೇಳಲಾರರು. ಆದರೆ ಮಕ್ಕಳ ಆಸ್ಪತ್ರೆಯ ಓಪಿಡಿಯಲ್ಲಿ ಟೋಕನ್ ಕೂಗಿ, ಒಳಗೆ ಹೋಗಿ, ಹಿಂದೆ ಇನ್ನೂ ಇಪ್ಪತ್ತು ಜನ ಕಾದಿರುವಾಗ ತಾಯಿ ಅದನ್ನು ಹಿಂದಿಗೆ ತಂದದ್ದು ಹೀಗೆ: "ಪೇಟ್ ಮೇ ದರ್ದ್." ಸೋನೋಗ್ರಫಿ ಆಯಿತು. ಜಂತುಹುಳದ ಔಷಧ ಆಯಿತು. ಗ್ಯಾಸಿನ ಸಿರಪ್ ಆಯಿತು. ವರದಿಗಳೆಲ್ಲ ನಾರ್ಮಲ್.

ಮನಸ್ಸಿನ ಕಾಯಿಲೆಯ ಪರೀಕ್ಷೆಯಲ್ಲಿ ರಕ್ತ ತೆಗೆಯುವಂತಿಲ್ಲ, ಅಲ್ಲಿ ಪರೀಕ್ಷೆ ನಡೆಯುವುದೇ ಮಾತಿನ ಮೇಲೆ. ಆಟಿಸಮ್ ಇರುವ ಬಹಳ ಮಕ್ಕಳಿಗೆ ತಮ್ಮೊಳಗೆ ಆಗುತ್ತಿರುವುದಕ್ಕೆ ಹೆಸರಿಡುವುದು ಹೇಗಿದ್ದರೂ ಕಷ್ಟ. ಭಯ, ಬೇಸರ, ಸಿಟ್ಟು ಮೂರೂ ಮೈಯಲ್ಲಿ ಒಂದೇ ತರಹ ಅನ್ನಿಸಬಹುದು. ಅಂಥ ಮಗು ತನ್ನ ಮನೆಮಾತಿನಲ್ಲಿ ಹೇಗೋ ಒಂದು ಮಾತು ಹೊಂದಿಸಿಕೊಂಡರೆ, ಅದು ಮನೆಯಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡು ಸಲ ಭಾಷೆ ಬದಲಿಸಬೇಕು. ಪರಊರಿನಲ್ಲಿರುವ ಕನ್ನಡದವರಿಗೆ ಈ ತೊಂದರೆಯ ಮೇಲೆ ಇನ್ನೊಂದು ಸಲಹೆಯೂ ಸಿಗುತ್ತದೆ: ಮನೆಯಲ್ಲಿ ಕನ್ನಡ ಬಿಡಿ, ಮಗುವಿಗೆ ಗೊಂದಲವಾಗುತ್ತದೆ, ಇಂಗ್ಲಿಷ್ ಒಂದೇ ಇರಲಿ. ಈ ತಾಯಿಗೂ ಆ ಸಲಹೆ ಸಿಕ್ಕಿತ್ತು. ಆರು ತಿಂಗಳು ಪ್ರಯತ್ನಿಸಿ ಬಿಟ್ಟರು. ಮಗುವಿನ ಜೊತೆ ಇಂಗ್ಲಿಷಿನಲ್ಲಿ ಜಗಳ ಆಡಬಹುದು, ಮುದ್ದು ಮಾಡಲು ಬರುವುದಿಲ್ಲ ಎಂಬುದು ಅವರ ಕಾರಣ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಮ್ ಮಕ್ಕಳು ಅದರಿಂದ ಮಾತಿನಲ್ಲಿ ಹಿಂದೆ ಬೀಳುವುದಿಲ್ಲ ಎಂದು ಆಮೇಲೆ ಬಂದ ಅಧ್ಯಯನಗಳು ತೋರಿಸಿವೆ. ಆ ಸಲಹೆ ಮಾತ್ರ ಇನ್ನೂ ಓಡಾಡಿಕೊಂಡಿದೆ.

ಸೆಪ್ಟೆಂಬರಿನ ಮೊದಲ ವಾರ ಒಬ್ಬ ವೈದ್ಯರು ರಿಸ್ಪೆರಿಡೋನ್ ಬರೆದರು. ಇದು ಕೆಟ್ಟ ಔಷಧವೇನಲ್ಲ. ಆಟಿಸಮ್ ಇರುವ ಮಕ್ಕಳ ತೀವ್ರ ಕಿರಿಕಿರಿ, ತನ್ನನ್ನೇ ಘಾಸಿಮಾಡಿಕೊಳ್ಳುವ ನಡವಳಿಕೆಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2006ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು, 2009ರಲ್ಲಿ ಅರಿಪಿಪ್ರಜೋಲ್‌ಗೆ. 2002ರಲ್ಲಿ ಪ್ರಕಟವಾದ 101 ಮಕ್ಕಳ ಪ್ರಯೋಗದಲ್ಲಿ ರಿಸ್ಪೆರಿಡೋನ್ ಪಡೆದವರಲ್ಲಿ 69 ಪ್ರತಿಶತ ಮಕ್ಕಳು ಸುಧಾರಿಸಿದರು, ಬರಿ ಸಕ್ಕರೆ ಗುಳಿಗೆಯಂಥದ್ದು ಪಡೆದವರಲ್ಲಿ 12 ಪ್ರತಿಶತ. ಎಂಟೇ ವಾರದಲ್ಲಿ ಸರಾಸರಿ 2.7 ಕಿಲೋ ತೂಕವೂ ಏರಿತ್ತು. ಕೋಥ್ರೂಡಿನಲ್ಲೂ ಹಾಗೇ ಆಯಿತು: ಕಚ್ಚಿಕೊಳ್ಳುವುದು ಕಡಿಮೆಯಾಯಿತು, ಹಸಿವು ಹೆಚ್ಚಾಯಿತು, ಶಾಲೆಯ ಚಡ್ಡಿ ಬಿಗಿಯಾಯಿತು. ಆದರೆ ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಹುಡುಗ ಕೂತೇ ಇರುತ್ತಿದ್ದ, ಈಗ ಸುಮ್ಮನೆ. ಶಾಲೆಯವರಿಗೆ ಇದು ಸುಧಾರಣೆ ಅನ್ನಿಸಿತು.

ಸರಿಯಾದ ಮಾತು ಮೊದಲು ಹೇಳಿದವರು ಧಾರವಾಡದ ಅಜ್ಜಿ. ವಾಟ್ಸಾಪಿನ ವಿಡಿಯೋದಲ್ಲಿ ಮೊಮ್ಮಗನ ಮುಖ ಒಂದು ನಿಮಿಷ ನೋಡಿ, "ನೋಡವಾ, ಹುಡುಗ ಅಂಜ್ಯಾನ" ಅಂದರು. ಅಂಜಿದ ಮಕ್ಕಳು ಎಂಬುದು ಅವರ ಕಾಲದ ಒಂದು ವರ್ಗ. ಊಟ ಬಿಟ್ಟ, ನಿದ್ದೆಯಲ್ಲಿ ಬೆಚ್ಚುವ, ಹೊಸಿಲು ದಾಟಲು ಅಳುವ ಮಕ್ಕಳು. ಅದಕ್ಕೆ ಅವರು ಹೇಳಿದ ಉಪಾಯ ಅಂಗಾರ ಹಚ್ಚಿ ತಾಯತ ಕಟ್ಟುವುದು, ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಮೂರು ತಿಂಗಳಲ್ಲಿ ಐದು ಜನ ತಜ್ಞರು ನೋಡದ್ದನ್ನು ಆ ಒಂದು ಕ್ರಿಯಾಪದ ನೋಡಿತ್ತು. ಆಟಿಸಮ್ ಎಂಬ ಶಬ್ದ ಅಜ್ಜಿಗೆ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ, ಹಾಗಾಗಿ ಅವರ ಕಣ್ಣಿಗೆ ಆ ಮುಸುಕೂ ಇರಲಿಲ್ಲ.

ಅಂಜಿಕೆ ಆಟಿಸಮ್ಮಿನ ಕತೆಯಲ್ಲಿ ಮೊದಲ ದಿನದಿಂದಲೂ ಇದೆ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಈ ಹೆಸರು ಮಕ್ಕಳ ವೈದ್ಯಶಾಸ್ತ್ರದಲ್ಲಿ ನೆಲೆಯಾಯಿತು. ಆ ಮಕ್ಕಳು ಹೆದರುತ್ತಿದ್ದ ವಸ್ತುಗಳನ್ನು ಕ್ಯಾನರ್ ಅಲ್ಲಿ ಹೆಸರಿಸುತ್ತಾರೆ: ಮೂರುಗಾಲಿ ಸೈಕಲ್ಲು, ಉಯ್ಯಾಲೆ, ಲಿಫ್ಟು, ಕಸ ಎಳೆಯುವ ಯಂತ್ರ, ನಲ್ಲಿಯಿಂದ ಬೀಳುವ ನೀರು, ಮೊಟ್ಟೆ ಕಡೆಯುವ ಕಡಗೋಲು, ಗಾಳಿ ಕೂಡ. ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಟವನ್ನೂ ಅವರು ಬರಿ ಹಟ ಅನ್ನಲಿಲ್ಲ, ಆತಂಕದಿಂದ ಕೂಡಿದ ಬಯಕೆ ಎಂದರು. ಆಮೇಲಿನ ದಶಕಗಳಲ್ಲಿ ಬಯಕೆ ಉಳಿಯಿತು, ಅದೇ ಮಗುವಿನ ಗುರುತಾಯಿತು. ಆತಂಕ ಅಂಚಿಗೆ ಸರಿಯಿತು. ಡಾಕ್ಟರರು ಕೇಳುವ ಪ್ರಶ್ನಾವಳಿಗಳಲ್ಲೂ ನಾಯಿಯ ಭಯ, ಕತ್ತಲೆಯ ಭಯ ಇರುತ್ತವೆ. ಮಿಕ್ಸರ್ ಶಬ್ದದ ಭಯ, ಮೀಸೆಯ ಭಯ, ಬಾಗಿಲಿಗೆ ಬೇರೆ ಬಣ್ಣ ಹಚ್ಚಿದರೆಂಬ ಭಯ ಇರುವುದಿಲ್ಲ. ಹಾಗಾಗಿ ಕಾಗದದ ಮೇಲೆ ಮಗು ಧೈರ್ಯವಂತ.

ತಾಯಿ ಕೊನೆಗೆ ಕನ್ನಡ ಬಲ್ಲ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಬೆಂಗಳೂರಿನಲ್ಲಿ ಹುಡುಕಿದರು. 2020ರ ಮಾರ್ಚಿನಲ್ಲಿ ಟೆಲಿಮೆಡಿಸಿನ್ ನಿಯಮಗಳು ಬಂದ ಮೇಲೆ ಹೀಗೆ ಊರಾಚೆಯವರನ್ನು ವಿಡಿಯೋದಲ್ಲಿ ನೋಡುವುದು ಸಾಮಾನ್ಯವಾಗಿದೆ. ಮೊದಲ ಭೇಟಿಯಲ್ಲಿ ಆಕೆ ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ಮೇ ತಿಂಗಳಲ್ಲಿ ಇವನು ಹೇಗಿದ್ದ? ಯಾವ ವಾರದಿಂದ ಬದಲಾದ? ರಜೆಯ ದಿನ ಎಷ್ಟು ಗಂಟೆಗೆ ಹೊಟ್ಟೆ ಹಿಡಿದುಕೊಳ್ಳುತ್ತಾನೆ? ಇವನ ಮಾತಿನಲ್ಲಿ ಏನು ಹೇಳುತ್ತಾನೆ, ಭಾಷಾಂತರ ಮಾಡಬೇಡಿ. ತಾಯಿ "ಹೊಟ್ಯಾಗ ಢೋಲ್" ಅಂದಾಗ ಆಕೆ ಪೆನ್ನು ಕೆಳಗಿಟ್ಟರು. ರಜೆಯ ದಿನ ಹೊಟ್ಟೆ ಹಿಡಿದುಕೊಳ್ಳುವುದಿಲ್ಲ ಎಂಬುದು ಆ ಪ್ರಶ್ನೆ ಕೇಳಿದ ಮೇಲೆಯೇ ತಾಯಿಗೂ ಹೊಳೆದದ್ದು. ಭಾನುವಾರ ಸಂಜೆ ಆರರ ನಂತರ ಶುರುವಾಗುತ್ತಿತ್ತು.

ಎರಡನೇ ಭೇಟಿಯಲ್ಲಿ ಒಂದು ಕಾಗದದ ಮೇಲೆ ಮೆಟ್ರೋ ಗೆರೆ ಎಳೆಸಿದರು. ವನಾಜ್ ಅಂದರೆ ಮನೆ ಹತ್ತಿರ, ಹೊಟ್ಟೆಯಲ್ಲಿ ಢೋಲ್ ಇಲ್ಲ. ಆನಂದ್ ನಗರ, ಐಡಿಯಲ್ ಕಾಲೊನಿ, ನಳ್ ಸ್ಟಾಪ್ ಅನ್ನುತ್ತ ಢೋಲ್ ಜೋರಾಗುತ್ತ ಹೋಗಿ, ಗರವಾರೆ ಕಾಲೇಜು ಅಂದರೆ ಕಿವಿ ಮುಚ್ಚಿಕೊಳ್ಳಬೇಕು. ಈಗ ಎಲ್ಲಿದ್ದೀ ಎಂದರೆ ಹುಡುಗ ಬೆರಳಿಟ್ಟು ತೋರಿಸಿದ. ಹೇಗಿದ್ದೀ ಎಂದರೆ ಎಂದೂ ಉತ್ತರ ಕೊಡದವನು. ಗಣಿತದ ಪೀರಿಯಡ್ಡು ಆನಂದ್ ನಗರ. ಶಾಲೆಯ ಬಸ್ಸು ಐಡಿಯಲ್ ಕಾಲೊನಿ. ಬಸ್ಸು ನಿಲ್ಲುವ ಮೈದಾನದಲ್ಲಿ ನಡೆಯುವ ಢೋಲ್ ತಾಲೀಮು ನಳ್ ಸ್ಟಾಪ್. ಮಧ್ಯಾಹ್ನದ ಡಬ್ಬಿ ತಿನ್ನುವ ಹೊತ್ತು ಗರವಾರೆ ಕಾಲೇಜು, ಅದರಾಚೆ ಕಾಗದದ ಅಂಚು.

ಡಬ್ಬಿಯ ಹೊತ್ತಿನಲ್ಲಿ ಏನಾಗುತ್ತಿತ್ತು ಎಂಬುದನ್ನೂ ಅವನು ಜೂನಿನಿಂದ ಹೇಳುತ್ತಲೇ ಇದ್ದ. ರಾತ್ರಿ ಮಲಗುವ ಮುಂಚೆ ಬೇರೆ ಯಾರದೋ ದನಿಯಲ್ಲಿ "ಪರತ್ ಬೋಲ್, ಪರತ್ ಬೋಲ್" ಎಂದು ಹೇಳಿ, ಆಮೇಲೆ ನಗುವಿನಂಥ ಒಂದು ಸದ್ದು ಮಾಡುತ್ತಿದ್ದ. ಟೀವಿಯಲ್ಲಿ ಕೇಳಿದ್ದಿರಬೇಕು ಎಂದುಕೊಂಡಿದ್ದರು. ಕೇಳಿದ್ದನ್ನು ಕೇಳಿದಂತೆಯೇ ಮರಳಿ ಹೇಳುವುದು ಆಟಿಸಮ್ಮಿನ ಲಕ್ಷಣವಾದ್ದರಿಂದ ಅದರಲ್ಲಿ ಅರ್ಥ ಹುಡುಕುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಹೊಸ ಸೆಕ್ಷನ್ನಿನ ನಾಲ್ಕು ಹುಡುಗರು ದಿನವೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ಮೆಟ್ರೋ ಘೋಷಣೆ ಹೇಳಿಸುತ್ತಿದ್ದರು. ಮತ್ತೆ ಹೇಳು, ಮತ್ತೆ ಹೇಳು. ಒಂದು ತಪ್ಪಾದರೆ ಡಬ್ಬಿ ಮುಚ್ಚಿಡುತ್ತಿದ್ದರು. ಹುಡುಗನ ಬಳಿ ದೂರು ಕೊಡುವ ವಾಕ್ಯ ಇರಲಿಲ್ಲ, ಸಾಕ್ಷಿ ಮಾತ್ರ ಇತ್ತು, ಅವರದೇ ದನಿಯಲ್ಲಿ. ಮೆಟ್ರೋ ಯಾಕೆ "ಬ್ಯಾಡ" ಆಯಿತು ಎಂದು ಅಪ್ಪನಿಗೆ ಆವತ್ತು ಗೊತ್ತಾಯಿತು. ಅವರು ಏನೂ ಮಾತಾಡದೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತರಂತೆ.

ಆತಂಕದ ಕಾಯಿಲೆ, ಅದರ ಜೊತೆ ಖಿನ್ನತೆ. ಫೈಲಿನಲ್ಲಿ ಈಗ ನಾಲ್ಕು ಹೆಸರು. ಹೆಸರು ಹೆಚ್ಚಾದದ್ದಕ್ಕೆ ಅಪ್ಪ-ಅಮ್ಮ ಇಬ್ಬರಿಗೂ ಸಮಾಧಾನವೇ ಆಯಿತು ಎಂದರೆ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಆಟಿಸಮ್ಮಿಗೆ ಔಷಧ ಇಲ್ಲ, ಆತಂಕಕ್ಕೆ ಚಿಕಿತ್ಸೆ ಇದೆ.

ಯಾವ ಚಿಕಿತ್ಸೆ ಎಂಬುದು ಸುಲಭದ ಮಾತಲ್ಲ. ಬೇರೆ ಮಕ್ಕಳ ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಳಿಗೆಗಳು ಈ ಮಕ್ಕಳಲ್ಲಿ ಅಷ್ಟೇ ಕೆಲಸ ಮಾಡುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ; ಅವುಗಳಲ್ಲೊಂದಾದ ಸಿಟಲೋಪ್ರಾಮನ್ನು ಪದೇ ಪದೇ ಮಾಡುವ ನಡವಳಿಕೆಗಾಗಿ 149 ಮಕ್ಕಳಲ್ಲಿ ಪರೀಕ್ಷಿಸಿದ 2009ರ ಪ್ರಯೋಗದಲ್ಲಿ ಅದು ಸಕ್ಕರೆ ಗುಳಿಗೆಗಿಂತ ಮೇಲೇನೂ ಇರಲಿಲ್ಲ. ಮಾತಿನ ಚಿಕಿತ್ಸೆಗೆ ಆಧಾರ ಇದಕ್ಕಿಂತ ಚೆನ್ನಾಗಿದೆ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಸಿಬಿಟಿಯನ್ನು ಆಟಿಸಮ್ಮಿಗೆ ತಕ್ಕಂತೆ ಬದಲಿಸಿ, ಜೆಫ್ರಿ ವುಡ್ ಮತ್ತು ಸಂಗಡಿಗರು 167 ಮಕ್ಕಳಲ್ಲಿ ನೋಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಿಬಿಟಿಯೂ ಕೆಲಸ ಮಾಡಿತು, ಬದಲಿಸಿದ್ದು ಇನ್ನೂ ಚೆನ್ನಾಗಿ ಮಾಡಿತು. ಬದಲಾವಣೆ ಅಂದರೆ ಮಂತ್ರವೇನಲ್ಲ: ಅಪ್ಪ-ಅಮ್ಮ ಜೊತೆಗಿರಬೇಕು, ಮಾತಿಗಿಂತ ಚಿತ್ರ ಹೆಚ್ಚಿರಬೇಕು, ಮಗುವಿನ ಪ್ರೀತಿಯ ವಿಷಯದಿಂದಲೇ ಪಾಠ ಆಗಬೇಕು. ಮೆಟ್ರೋ ಗೆರೆಯೇ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ, ಉತ್ಸಾಹದಲ್ಲಿ ಬಹಳ ಜನ ಎಡವುವುದು ಇಲ್ಲೇ. ಎಲ್ಲ ಭಯವನ್ನೂ ಎದುರಿಸಿಯೇ ಗೆಲ್ಲಬೇಕಾಗಿಲ್ಲ. ಢೋಲಿನ ಶಬ್ದ ಆ ಹುಡುಗನ ಕಿವಿಗೆ ನಿಜವಾಗಿ ನೋವು, ಅದನ್ನು ಅಭ್ಯಾಸ ಮಾಡಿಸಲು ಅವರು ಹೋಗಲಿಲ್ಲ. ಕಾರ್ಖಾನೆಯವರು ಹಾಕುವಂಥ ಇಯರ್‌ಮಫ್ ತಂದರು, ಬಸ್ಸು ಹತ್ತುವ ಜಾಗ ಬದಲಿಸಿದರು. ನಾಲ್ಕು ಹುಡುಗರ ಕಾಟವನ್ನು ಮಗು ಧೈರ್ಯದಿಂದ ಎದುರಿಸಲಿ ಎಂದರೆ ಅದು ಚಿಕಿತ್ಸೆಯಲ್ಲ, ಅನ್ಯಾಯ. ಅದನ್ನು ನಿಲ್ಲಿಸುವುದು ಶಾಲೆಯ ಕೆಲಸ. ಮೂರು ಮೀಟಿಂಗ್ ಮತ್ತು ಒಂದು ಪತ್ರದ ನಂತರ ಶಾಲೆ ಅದನ್ನು ಮಾಡಿತು. ಇವೆರಡೂ ಆದ ಮೇಲೆ ಉಳಿದ ಭಯ, ಕಾರಣ ಹೋದರೂ ಹೋಗದೆ ಕೂತ ಭಯ, ಅದರ ಮೇಲೆ ಮೆಟ್ಟಿಲುಗಳು ಶುರುವಾದವು. ಮೊದಲ ವಾರ ಬೂಟು ಹಾಕಿ ಲಿಫ್ಟಿನವರೆಗೆ. ಆಮೇಲೆ ಗೇಟಿನವರೆಗೆ. ಖಾಲಿ ಶಾಲೆಗೆ ಶನಿವಾರ ಒಂದು ಸುತ್ತು. ಮೊದಲ ಪೀರಿಯಡ್ಡು ಮುಗಿಸಿ ವಾಪಸ್ಸು. ಡಬ್ಬಿಯ ಹೊತ್ತು ಲೈಬ್ರರಿಯಲ್ಲಿ, ಒಬ್ಬ ಗೆಳೆಯನ ಜೊತೆ. ರಿಸ್ಪೆರಿಡೋನ್ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಯಿತು. ಒಂದು ಸಲ ಎಲ್ಲ ಮೊದಲಿಗೇ ಬಂತು, ದೀಪಾವಳಿ ರಜೆ ಮುಗಿದ ವಾರ, ಹತ್ತು ದಿನ. ಮತ್ತೆ ಲಿಫ್ಟಿನಿಂದ ಶುರು.

ಹಣದ ಮಾತು ಇಂಥ ಬರಹಗಳಲ್ಲಿ ಯಾರೂ ಆಡುವುದಿಲ್ಲ. ವಾರಕ್ಕೊಂದು ಸೆಷನ್ನಿನಂತೆ ಎಂಟು ತಿಂಗಳು. ಅಪ್ಪನ ಆಫೀಸಿನ ವಿಮೆ ಅದರಲ್ಲಿ ಒಂದು ರೂಪಾಯಿ ಕೊಡಲಿಲ್ಲ. ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ಆಟಿಸಮ್ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಥೆರಪಿಗೂ ಸ್ವಲ್ಪ ಸಿಗುತ್ತದೆ. ಅದು ಇದೆಯೆಂದು ಈ ಮನೆಗೆ ಗೊತ್ತಾದದ್ದು ಒಂಬತ್ತು ವರ್ಷದ ನಂತರ, ಇನ್ನೊಬ್ಬ ತಾಯಿಯಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ, ಅದರಲ್ಲಿ ಆಟಿಸಮ್ ಬೇರೆ, ಮಾನಸಿಕ ಕಾಯಿಲೆ ಬೇರೆ. ಎರಡೂ ಇರುವ ಮಗುವಿನ ಮನೆಯವರು ಎರಡು ಕಿಟಕಿಗಳ ನಡುವೆ ಓಡಾಡುತ್ತಾರೆ: ಥೆರಪಿ ಸೆಂಟರಿನವರು ಇದು ಮನೋವೈದ್ಯರ ಕೆಲಸ ಅನ್ನುತ್ತಾರೆ, ಮನೋವೈದ್ಯರು ಇದು ಥೆರಪಿಯವರ ಕೆಲಸ ಅನ್ನುತ್ತಾರೆ. ತುರ್ತಿಗೆ ಸರ್ಕಾರದ ಟೆಲಿ ಮಾನಸ್ ಇದೆ, 14416. 2022ರಿಂದ ಹಗಲು-ರಾತ್ರಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ. ಆ ನಂಬರಿಗೆ ತಾಯಿ ಒಮ್ಮೆ ರಾತ್ರಿ ಮೂರಕ್ಕೆ ಫೋನ್ ಮಾಡಿದ್ದರು. ಮಗನ ಬಗ್ಗೆ ಕೇಳಲು ಹೋಗಿ ತಮ್ಮ ಬಗ್ಗೆಯೇ ಮಾತಾಡಿದೆ ಎಂದು ಆಮೇಲೆ ತಂಗಿಗೆ ಹೇಳಿದರು.

ಆ ಎಂಟು ತಿಂಗಳ ಕೊನೆಗೆ ತಾಯಿ ಒಂದು ಹಾಳೆ ಬರೆದರು. ಈಗ ಅದು ಫೈಲಿನ ಮೊದಲ ಪುಟ, ಯಾವ ಡಾಕ್ಟರ ಬಳಿ ಹೋದರೂ ಮೊದಲು ಅದನ್ನೇ ತೋರಿಸುತ್ತಾರೆ. ಮೇಲೆ, ಹುಡುಗ ಚೆನ್ನಾಗಿರುವಾಗ ಹೇಗಿರುತ್ತಾನೆ: ಎಷ್ಟು ಗಂಟೆ ಮಲಗುತ್ತಾನೆ, ಏನು ತಿನ್ನುತ್ತಾನೆ, ಏನು ಕಂಡರೆ ನಗುತ್ತಾನೆ. ಅದರ ಕೆಳಗೆ, ಚೆನ್ನಾಗಿಲ್ಲದಾಗ ಮೊದಲು ಏನು ಬದಲಾಗುತ್ತದೆ. ಅದರ ಕೆಳಗೆ ಅವನ ಮಾತುಗಳು, ಅವನು ಹೇಳುವಂತೆಯೇ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ವಿವರಣೆ. ಹೊಟ್ಯಾಗ ಢೋಲ್: ಎದೆ ಬಡಿದುಕೊಳ್ಳುತ್ತಿದೆ, ಹೆದರಿದ್ದಾನೆ, ಹೊಟ್ಟೆನೋವಲ್ಲ. ತಲಿ ಬಿಸಿ: ಶಬ್ದ ಹೆಚ್ಚಾಗಿದೆ, ಹೊರಗೆ ಕರೆದುಕೊಂಡು ಹೋಗಿ. ಪರತ್ ಬೋಲ್: ಯಾರೋ ಕಾಡಿಸಿದ್ದಾರೆ, ಯಾರು ಎಂದು ಚಿತ್ರ ತೋರಿಸಿ ಕೇಳಿ.

ಎಂಟನೇ ತರಗತಿಯ ಹೊಸ ಟೀಚರಿಗೂ ಒಂದು ಪ್ರತಿ ಹೋಯಿತು. ಅವರು ಪೂರ್ತಿ ಓದಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ನಕ್ಕರು. ಅಲ್ಲಿ ಬರೆದಿತ್ತು: ಸಾಲಿ ಅಂದರೆ ಶಾಲೆ.